ಟೈಮ್‌ಟೇಬಲ್‌ಗೆ ಬಾರದ ಗಂಟೆಗಳು

ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಬೋಧನೆ ವಾರಕ್ಕೆ 16 ಗಂಟೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಹಾಗಿದೆ; ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಹೊರಗಿನವರು ಇದನ್ನು ಕೇಳಿ "ಅಷ್ಟೇನಾ?" ಅನ್ನುತ್ತಾರೆ. ಆದರೆ ಅದೇ ನಿಯಮಾವಳಿ ಒಟ್ಟು ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆ ಇರಬಾರದು, ವರ್ಷಕ್ಕೆ ಅಂಥ 30 ವಾರ, 180 ಬೋಧನಾ ದಿನ ಇರಬೇಕು ಎಂದೂ ಹೇಳುತ್ತದೆ. 16ಕ್ಕೂ 40ಕ್ಕೂ ನಡುವೆ ಉಳಿದ 24 ಗಂಟೆಯಲ್ಲಿ ಏನೇನು ಸೇರುತ್ತದೆ ಎಂಬುದು ಯಾವ ಟೈಮ್‌ಟೇಬಲ್‌ನಲ್ಲೂ ಇಲ್ಲ. ಅಧ್ಯಾಪಕರ ದಣಿವು ಹುಟ್ಟುವುದು ಅಲ್ಲಿ, ಹೆಸರಿಲ್ಲದ ಆ ಗಂಟೆಗಳಲ್ಲಿ.

ಆ ಗಂಟೆಗಳಿಗೆ ಹೆಸರಿಡಲೆಂದು ಒಂದು ವಿಭಾಗದವರೆಲ್ಲ ಸೇರಿ ಇಡೀ ಸೆಮಿಸ್ಟರ್, 16 ವಾರ, ಲೆಕ್ಕ ಇಟ್ಟೆವು. ಯಾರು ಎಷ್ಟು ದುಡಿದರು ಎಂಬುದು ಇಲ್ಲಿ ಮುಖ್ಯವಲ್ಲ. ಲೆಕ್ಕ ಇಡುವುದು ಹೇಗೆ, ಎಲ್ಲಿ ತಪ್ಪುತ್ತದೆ, ಆ ಹಾಳೆ ಕೈಗೆ ಬಂದ ಮೇಲೆ ಏನು ಕೇಳಬಹುದು ಎಂಬುದನ್ನು ಬರೆಯುತ್ತಿದ್ದೇವೆ. ಬೇರೆ ಕಾಲೇಜಿನವರು ಹೀಗೇ ಮಾಡಿ ನೋಡಬಹುದು.

ಬೇಕಾದದ್ದು ಒಂದು ನೋಟ್‌ಬುಕ್ ಅಷ್ಟೆ. ಮೊಬೈಲ್ ಆ್ಯಪ್ ಬೇಡ. ಲೆಕ್ಕ ಬರೆಯಲು ಫೋನ್ ತೆಗೆದರೆ ವಾಟ್ಸ್ಆ್ಯಪ್ ಕಣ್ಣಿಗೆ ಬೀಳುತ್ತದೆ, ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ದಿನಕ್ಕೊಂದು ಪುಟ, ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ 15 ನಿಮಿಷಕ್ಕೊಂದು ಗೆರೆ. ಪ್ರತಿ ಗೆರೆಗೆ ಒಂದೇ ಅಕ್ಷರ: ಪಾಠಕ್ಕೆ ಪಾ, ತಯಾರಿಗೆ ತ, ಉತ್ತರ ಪತ್ರಿಕೆ ಮತ್ತು ಅಂಕಕ್ಕೆ ಅಂ, ಸಮಿತಿ ಮತ್ತು ದಾಖಲೆಗೆ ದಾ, ವಿದ್ಯಾರ್ಥಿಗಳ ಜೊತೆ ಮಾತಿಗೆ ವಿ, ಫೋನಿಗೆ ಫೋ, ಸಂಶೋಧನೆಗೆ ಸಂ, ಓಡಾಟಕ್ಕೆ ಓ. ಕಾಲೇಜಿನ ಕೆಲಸಕ್ಕೆ ಎಂಟಕ್ಕಿಂತ ಹೆಚ್ಚು ಅಕ್ಷರ ಇಟ್ಟುಕೊಂಡರೆ ಮೂರನೇ ದಿನಕ್ಕೆ ಬೇಸರ ಬಂದು ಬಿಟ್ಟುಬಿಡುತ್ತೀರಿ.

ತಪ್ಪುವುದು ಮೂರು ಕಡೆ. ಮೊದಲನೆಯದು, ರಾತ್ರಿ ಕೂತು ನೆನಪಿನಿಂದ ಬರೆಯುವುದು. ನೆನಪಿನಲ್ಲಿ ಉಳಿಯುವುದು ದೊಡ್ಡ ಕೆಲಸಗಳು ಮಾತ್ರ. ಕಾರಿಡಾರಿನಲ್ಲಿ ನಿಂತು ಹಾಜರಾತಿ ಕೊರತೆಯ ಬಗ್ಗೆ ಒಬ್ಬ ಪೋಷಕರ ಜೊತೆ ಆಡಿದ 20 ನಿಮಿಷ ಜಾರಿಹೋಗುತ್ತದೆ. ಪ್ರತಿ ಪೀರಿಯಡ್ ಮುಗಿದಾಗ ಒಮ್ಮೆ ಬರೆಯಬೇಕು. ಎರಡನೆಯದು, ಪರೀಕ್ಷೆಯ ವಾರವನ್ನೋ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಕೆಲಸದ ವಾರವನ್ನೋ "ಇದು ವಿಶೇಷ ವಾರ" ಎಂದು ಲೆಕ್ಕದಿಂದ ಹೊರಗಿಡುವುದು. ಸೆಮಿಸ್ಟರಿನಲ್ಲಿ ಸಾಮಾನ್ಯ ವಾರ ಎಂದು ಕರೆಯಬಹುದಾದವು ಬಹಳ ಕಡಿಮೆ. ವಿಶೇಷ ವಾರಗಳನ್ನು ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ. ಮೂರನೆಯದು ಭಾನುವಾರ. ಭಾನುವಾರ ಬೆಳಿಗ್ಗೆ ಮಾಡಿದ ತಯಾರಿಯನ್ನು ಕೆಲಸವೆಂದು ಬರೆಯಲು ಅನೇಕರ ಕೈ ಏಳುವುದಿಲ್ಲ, ಅದು "ನಮ್ಮ ಓದು" ಅನ್ನಿಸುತ್ತದೆ. ಮರುದಿನ ತರಗತಿಗೆ ಬೇಕಿದ್ದ ಓದಾದರೆ ಅದು ಕೆಲಸವೇ, ಬರೆಯಿರಿ.

ಲೆಕ್ಕ ಹೀಗೆ ಬೀಳುತ್ತದೆ. ಮೂರು ಪೇಪರ್, ಅಂದರೆ ಪಾಠ ಮಾಡುವ ಮೂರು ವಿಷಯ, ಪ್ರತಿಯೊಂದಕ್ಕೂ 80 ವಿದ್ಯಾರ್ಥಿಗಳು, ಒಟ್ಟು 240, ಎಂದಿಟ್ಟುಕೊಳ್ಳಿ. ಪಾಠ 16 ಗಂಟೆ. ಅದರಲ್ಲಿ ಹೊಸ ಪಠ್ಯಕ್ರಮದ ತರಗತಿ 6, ಒಂದೊಂದಕ್ಕೆ 2 ಗಂಟೆ ತಯಾರಿ ಎಂದರೆ 12. ಹಿಂದೆ ಪಾಠ ಮಾಡಿದ ತರಗತಿ 10, ಅರ್ಧರ್ಧ ಗಂಟೆಯಂತೆ 5. ತಯಾರಿ ಒಟ್ಟು 17 ಗಂಟೆ, ಪಾಠಕ್ಕಿಂತ ಒಂದು ಗಂಟೆ ಹೆಚ್ಚೇ. ಎರಡು ಆಂತರಿಕ ಪರೀಕ್ಷೆಗೆ 480 ಪತ್ರಿಕೆ, ಒಂದಕ್ಕೆ 5 ನಿಮಿಷವಾದರೆ 40 ಗಂಟೆ. 16 ವಾರಕ್ಕೆ ಹಂಚಿದರೆ ವಾರಕ್ಕೆ ಎರಡೂವರೆ. ಅಸೈನ್‌ಮೆಂಟ್ 240, ಒಂದಕ್ಕೆ 4 ನಿಮಿಷ, ವಾರಕ್ಕೆ 1 ಗಂಟೆ. ಹಾಜರಾತಿ ಕ್ರೋಡೀಕರಣ ಮತ್ತು ಅಂಕ ಏರಿಸುವ ಕೆಲಸ ವಾರಕ್ಕೆ ಅರ್ಧ, ಮೆಂಟರಿಂಗ್ 1, ಸಮಿತಿಗಳು 4. ಫೋನು ದಿನಕ್ಕೆ 40 ನಿಮಿಷ, ಏಳು ದಿನಕ್ಕೆ 4 ಗಂಟೆ 40 ನಿಮಿಷ. ಕೂಡಿದರೆ 46 ಗಂಟೆ 40 ನಿಮಿಷ. ಸಂಶೋಧನೆಯ ಒಂದು ಸಾಲೂ ಇದರಲ್ಲಿ ಇಲ್ಲ. ಯುಜಿಸಿಯ 2010ರ ನಿಯಮಾವಳಿ ಅಧ್ಯಾಪಕರ ಸಂಶೋಧನೆಗೆ ವಾರಕ್ಕೆ ಕನಿಷ್ಠ 6 ಗಂಟೆ ಮೀಸಲಿಡಬೇಕಾಗಬಹುದು ಎಂದಿತ್ತು. ಆ ಆರನ್ನು ಸೇರಿಸಿದರೆ 52 ಗಂಟೆ 40 ನಿಮಿಷ. ಹೋಗಿಬರಲು ಒಂದೂವರೆ ಒಂದೂವರೆ ಗಂಟೆ ಬಸ್ಸಿನಲ್ಲಿ ಕೂರುವವರಿಗೆ ಆರು ದಿನಕ್ಕೆ ಇನ್ನೊಂದು 18 ಗಂಟೆ.

ಮನೆಗೆಲಸ ಇದರ ಮೇಲೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಮನೆಗೂ ಒಂದು ಅಕ್ಷರ ಬೇಕು ಎಂಬ ಮಾತು ಮೊದಲ ವಾರವೇ ಬಂತು. ಎಂಟರ ಮೇಲೆ ಒಂಬತ್ತನೆಯದಾಗಿ "ಮ" ಸೇರಿತು. ಅದನ್ನು ಯಾರಿಗೂ ತೋರಿಸಬೇಕಿಲ್ಲ, ಬರೆದವರ ಕಣ್ಣಿಗೆ ಬಿದ್ದರೆ ಸಾಕು.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡು ತಯಾರಿಯೇ, ಮತ್ತು ನಮ್ಮ ಕೈಗೆ ಎಟುಕುವುದೂ ಅದೇ. ಪೇಪರ್ ಹಂಚುವಾಗ ವಿಭಾಗಗಳಲ್ಲಿ ಎಲ್ಲರೂ ನೋಡುವುದು ಗಂಟೆ: ಇವರಿಗೆ 16 ಆಯಿತು, ಅವರಿಗೆ 15, ಮುಗಿಯಿತು. ಆದರೆ ಒಂದೇ 5 ಗಂಟೆಯ ಪೇಪರನ್ನು ಎರಡು ಸೆಕ್ಷನ್‌ಗೆ ಮಾಡುವವರಿಗೆ ಪಾಠ 10 ಗಂಟೆ, ತಯಾರಿ 5 ತರಗತಿಗೆ ಮಾತ್ರ. ಎರಡು ಬೇರೆ ಬೇರೆ ಪೇಪರ್ ಮಾಡುವವರಿಗೂ ಪಾಠ 10 ಗಂಟೆಯೇ, ತಯಾರಿ ಮಾತ್ರ 10 ತರಗತಿಗೆ. ಎರಡೂ ಹೊಸ ಪಠ್ಯವಾದರೆ ಒಬ್ಬರು 10 ಗಂಟೆ ತಯಾರಿಯಲ್ಲಿ ಮುಗಿಸುತ್ತಾರೆ, ಇನ್ನೊಬ್ಬರಿಗೆ 20 ಗಂಟೆ ಹಿಡಿಯುತ್ತದೆ. ಕಾಗದದ ಮೇಲೆ ಇಬ್ಬರ ಕಾರ್ಯಭಾರವೂ ಸಮ. ಹೊಸದಾಗಿ ಸೇರಿದವರು ಮೊದಲ ಎರಡು ವರ್ಷದಲ್ಲೇ ಬಸವಳಿಯುವುದಕ್ಕೆ ಇದು ಬಹುದೊಡ್ಡ ಕಾರಣ ಎಂದು ನಾವು ಖಚಿತವಾಗಿ ಹೇಳುತ್ತೇವೆ. ಹಿರಿಯರು ಪಳಗಿದ ಪೇಪರ್‌ಗಳನ್ನು ಇಟ್ಟುಕೊಳ್ಳುತ್ತಾರೆ, ಉಳಿದ ಹೊಸವೆಲ್ಲ ಕಿರಿಯರ ಪಾಲಿಗೆ, ಅತಿಥಿ ಉಪನ್ಯಾಸಕರ ಪಾಲಿಗೆ ಬರುತ್ತವೆ.

ಕರ್ನಾಟಕದಲ್ಲಿ ಇದು ಇನ್ನಷ್ಟು ಬಿಗಿಯಾದದ್ದು ಪಠ್ಯಕ್ರಮ ಬದಲಾದ ವೇಗದಿಂದ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು. 2024-25ರಲ್ಲಿ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆವು. ನಾಲ್ಕು ಶೈಕ್ಷಣಿಕ ವರ್ಷದೊಳಗೆ ಎರಡು ಸಲ ಹೊಸ ಟಿಪ್ಪಣಿ, ಹೊಸ ಪ್ರಶ್ನೆಕೋಶ. 2024-25ರಲ್ಲಂತೂ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷಕ್ಕೆ ಒಂದು ಪದ್ಧತಿ, ಮೇಲಿನವರಿಗೆ ಇನ್ನೊಂದು. ಯಾವ ನೀತಿ ಒಳ್ಳೆಯದು ಎಂಬುದು ಬೇರೆ ಚರ್ಚೆ. ನೀತಿ ಬದಲಾದಾಗ ತಯಾರಿಯ ಗಂಟೆಯೂ ಬದಲಾಗುತ್ತದೆ ಎಂಬುದನ್ನು ಯಾವ ಸುತ್ತೋಲೆಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿಭಾಗದೊಳಗೆ ಹಿಡಿದು ನಿಲ್ಲಬಹುದಾದ ನಿಯಮ ಇಷ್ಟು: ಒಬ್ಬರಿಗೆ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಹೊಸ ಪೇಪರ್. ಹಾಗೆ ಹೊಸ ಪೇಪರ್ ಮಾಡಿದವರಿಗೆ ಮುಂದಿನ ವರ್ಷ ಅದೇ ಪೇಪರ್ ಮರಳಿ ಸಿಗಲೇಬೇಕು, ಬೇರೆಯವರು ಕಿತ್ತುಕೊಳ್ಳುವಂತಿಲ್ಲ. ಎರಡನೇ ಭಾಗವನ್ನು ಬರೆದಿಡದಿದ್ದರೆ ಮೊದಲ ಭಾಗದಿಂದ ಏನೂ ಪ್ರಯೋಜನವಿಲ್ಲ.

ಗಂಟೆಯ ಪ್ರಶ್ನೆಗೆ ಅಧ್ಯಾಪಕರು ಒಮ್ಮೆ ಬೀದಿಗಿಳಿದಿದ್ದರು. 2016ರ ಮೇ ತಿಂಗಳಲ್ಲಿ ಯುಜಿಸಿ ಸಹಾಯಕ ಪ್ರಾಧ್ಯಾಪಕರ 16 ಗಂಟೆಯನ್ನು 18ಕ್ಕೆ ಏರಿಸಿ, ಅದರ ಮೇಲೆ 6 ಗಂಟೆ ಟ್ಯುಟೋರಿಯಲ್ ಹೊರಿಸಿತು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಮೌಲ್ಯಮಾಪನ ಬಹಿಷ್ಕರಿಸಿದರು. ಕೆಲವೇ ವಾರಗಳಲ್ಲಿ ಆ ಏರಿಕೆ ಹಿಂದಕ್ಕೆ ಹೋಯಿತು. ಟೈಮ್‌ಟೇಬಲ್‌ನಲ್ಲಿ ಕಾಣುವ ಗಂಟೆಗೆ ಹೀಗೆ ಕಾವಲಿದೆ. ಕಾಣದ ಗಂಟೆಗೆ ನಾವೇ ಕಾವಲಿರಬೇಕು.

ಇನ್ನು ಪತ್ರಿಕೆ ತಿದ್ದುವುದು. ಆಂತರಿಕ ಪರೀಕ್ಷೆಯ ಪತ್ರಿಕೆಗಳನ್ನು ವಿದ್ಯಾರ್ಥಿವಾರು ತಿದ್ದಬೇಡಿ, ಪ್ರಶ್ನೆವಾರು ತಿದ್ದಿ. 80 ಪತ್ರಿಕೆಯ ಮೊದಲ ಪ್ರಶ್ನೆ ಮುಗಿಸಿ, ಆಮೇಲೆ ಎರಡನೆಯದು. ಉತ್ತರದ ಅಂಶಗಳು ತಲೆಯಲ್ಲಿ ನಿಲ್ಲುವುದರಿಂದ ವೇಗ ಬರುತ್ತದೆ, ಅಂಕವೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಬೀಳುತ್ತದೆ. ಪತ್ರಿಕೆಗೆ 7 ನಿಮಿಷದಿಂದ 5ಕ್ಕೆ ಇಳಿದರೂ 480 ಪತ್ರಿಕೆಗೆ 16 ಗಂಟೆ ಉಳಿಯುತ್ತದೆ. ಶುರು ಮಾಡುವ ಮೊದಲು ಐದು ಪತ್ರಿಕೆಗಳನ್ನು ಅಂಕ ಹಾಕದೆ ಓದಿಬಿಡಿ. ಇದನ್ನು ಬಿಟ್ಟವರು ಹತ್ತನೇ ಪತ್ರಿಕೆಗೆ ಬಂದಾಗ ಮೊದಲಿನವಕ್ಕೆ ಬಿಗಿ ಮಾಡಿದೆವೆಂದು ತಿಳಿದು ಹಿಂದೆ ಹೋಗುತ್ತಾರೆ, ಉಳಿಸಿದ್ದೆಲ್ಲ ಹೋಯಿತು. ವಿಶ್ವವಿದ್ಯಾಲಯದ ಕೇಂದ್ರ ಮೌಲ್ಯಮಾಪನದಲ್ಲಿ ಪತ್ರಿಕೆ ಒಂದೊಂದಾಗಿಯೇ ಮುಗಿಯಬೇಕು, ಅಲ್ಲಿ ಈ ಕ್ರಮ ನಡೆಯದು. ಅಲ್ಲಿ ಕಾಯ್ದುಕೊಳ್ಳಬೇಕಾದದ್ದು ಕೂಡಿಸುವ ಲೆಕ್ಕ. 40 ಪತ್ರಿಕೆ, 8 ನಿಮಿಷದಂತೆ, 5 ಗಂಟೆ 20 ನಿಮಿಷ. ದಣಿದ ಕಣ್ಣು ತಪ್ಪು ಮಾಡುವುದು ಉತ್ತರ ಓದುವುದರಲ್ಲಿ ಮಾತ್ರವಲ್ಲ, ಒಳಪುಟದ ಅಂಕವನ್ನು ಮುಖಪುಟಕ್ಕೆ ಇಳಿಸುವುದರಲ್ಲೂ. ಹತ್ತು ಹತ್ತು ಪತ್ರಿಕೆಗೆ ಪೆನ್ನು ಕೆಳಗಿಟ್ಟು, ಎದ್ದು ನಾಲ್ಕು ಹೆಜ್ಜೆ ನಡೆದು ಬಂದು, ಆ ಹತ್ತರ ಮೊತ್ತವನ್ನು ಮತ್ತೊಮ್ಮೆ ಕೂಡಿಸಿ. ಒಂದು ಮೊತ್ತ ತಪ್ಪಿದರೆ ಒಬ್ಬ ವಿದ್ಯಾರ್ಥಿ ಮರು ಎಣಿಕೆಗೆ ಹಣ ಕಟ್ಟಿ ಕಾಯಬೇಕಾಗುತ್ತದೆ.

ಅಂಕಗಳನ್ನು ಪೋರ್ಟಲ್‌ಗೆ ಏರಿಸುವ ಕೆಲಸವನ್ನು ಕೊನೆಯ ದಿನಕ್ಕೆ ಬಿಡಬಾರದು. ಕೊನೆಯ ದಿನ ಎಲ್ಲ ಕಾಲೇಜುಗಳೂ ಒಟ್ಟಿಗೆ ಕೂರುತ್ತವೆ, ಪುಟ ತೆರೆಯುವುದೇ ಇಲ್ಲ. ಮೊದಲ ಟೆಸ್ಟ್ ಆದ ವಾರವೇ ಅಂಕಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿ, ತಕರಾರುಗಳನ್ನು ಆಗಲೇ ತೀರಿಸಿಕೊಂಡರೆ ಕೊನೆಗೆ ಉಳಿಯುವುದು ಬೆರಳಚ್ಚಿನ ಕೆಲಸ ಮಾತ್ರ.

ದಾಖಲೆಯ ಕೆಲಸದಲ್ಲಿ ದಣಿವು ತರುವುದು ಕೆಲಸದ ಗಾತ್ರಕ್ಕಿಂತ ಅದು ತಡವಾಗಿ ಬರುವ ರೀತಿ. ನ್ಯಾಕ್‌ಗೆ ಪ್ರತಿ ವರ್ಷ ಕಳಿಸುವ ಗುಣಮಟ್ಟ ವರದಿ ಏಳು ಮಾನದಂಡಗಳ ಮೇಲೆ ನಿಂತಿದೆ. ಜುಲೈನಲ್ಲಿ ಆದ ಉಪನ್ಯಾಸಕ್ಕೆ ಮುಂದಿನ ಮಾರ್ಚಿನಲ್ಲಿ ಪುರಾವೆ ಹುಡುಕಲು ಹೊರಟರೆ ಫೋಟೋ ಒಬ್ಬರ ಹಳೆಯ ಫೋನಿನಲ್ಲಿ, ಹಾಜರಾತಿ ಹಾಳೆ ಇನ್ನೊಬ್ಬರ ಬೀರುವಿನಲ್ಲಿ. ಕಾರ್ಯಕ್ರಮ ನಡೆದ ದಿನವೇ 20 ನಿಮಿಷ ಕೂತರೆ ಐದೂ ಸಿಗುತ್ತವೆ: ಸೂಚನಾ ಪತ್ರ, ಸಹಿ ಇರುವ ಹಾಜರಾತಿ, ಸ್ಥಳ ಮತ್ತು ದಿನಾಂಕ ಅಚ್ಚಾದ ಎರಡು ಫೋಟೋ, ಒಂದು ಪುಟದ ವರದಿ, ವಿದ್ಯಾರ್ಥಿಗಳ ಅಭಿಪ್ರಾಯ. ಫೋಲ್ಡರಿನ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾಗಲಿ, 2025-08-14 ಎಂಬಂತೆ. ಆಗ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಇದನ್ನು ಕಾರ್ಯಕ್ರಮದ ಸಂಚಾಲಕರೇ ಮಾಡಬೇಕು. ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ (ಐಕ್ಯೂಎಸಿ) ಸಂಯೋಜಕರೊಬ್ಬರ ತಲೆಗೆ ಕಟ್ಟಿದರೆ ಆ ಒಬ್ಬರ ಕುಟುಂಬ ವರ್ಷದ ಒಂದು ತಿಂಗಳು ಅವರನ್ನು ಕಾಣುವುದೇ ಇಲ್ಲ.

ಫೋನಿನದು ಬೇರೆಯೇ ಬಗೆ. 40 ನಿಮಿಷ ಒಟ್ಟಿಗೆ ಬಂದರೆ ಯಾರೂ ದಣಿಯುವುದಿಲ್ಲ. ಅದು ಬೆಳಿಗ್ಗೆ ತಿಂಡಿಗೆ ಕೂತಾಗ ಎರಡು ನಿಮಿಷ, ರಾತ್ರಿ ಒಂಬತ್ತೂವರೆಗೆ "ನಾಳೆ 10ರೊಳಗೆ ಮಾಹಿತಿ ಕೊಡಿ" ಎಂದು ಒಂದು ಸಾಲು, ಹೀಗೆ ಇಡೀ ದಿನಕ್ಕೆ ಚಿಲ್ಲರೆಯಾಗಿ ಹರಡುತ್ತದೆ. ಮನೆಯಲ್ಲಿದ್ದರೂ ಕಿವಿ ಕಾಲೇಜಿನ ಕಡೆಗೇ ಇರುತ್ತದೆ. ತರಗತಿಯ ಗುಂಪುಗಳಲ್ಲಿ ಸಂದೇಶ ಕಳಿಸುವ ಅವಕಾಶವನ್ನು ಅಡ್ಮಿನ್‌ಗೆ ಮಾತ್ರ ಇಟ್ಟು, ವಿದ್ಯಾರ್ಥಿಗಳ ಪ್ರಶ್ನೆಗೆ ಸಂಜೆ 5ರಿಂದ 6 ಎಂದು ಮೊದಲ ತರಗತಿಯಲ್ಲೇ ಹೇಳಿಬಿಡಿ. ಎರಡು ವಾರ ತಕರಾರು ಇರುತ್ತದೆ, ಆಮೇಲೆ ಒಗ್ಗುತ್ತದೆ. ಸಿಬ್ಬಂದಿ ಗುಂಪಿಗೆ ಈ ನಿಯಮ ಹೇರಲಾಗದು. ಅಲ್ಲಿ ಸರದಿ ಮಾಡಿಕೊಳ್ಳಬಹುದು: ವಾರಕ್ಕೊಬ್ಬರು ವಿಭಾಗದ ಪರವಾಗಿ ರಾತ್ರಿ ಗುಂಪು ನೋಡುತ್ತಾರೆ, ನಿಜವಾಗಿ ತುರ್ತಾದರೆ ಉಳಿದವರಿಗೆ ಕರೆ ಮಾಡುತ್ತಾರೆ. ಐದು ಜನರ ವಿಭಾಗದಲ್ಲಿ ಐದು ವಾರಕ್ಕೊಮ್ಮೆ ಸರದಿ, ಉಳಿದ ನಾಲ್ಕು ವಾರ ರಾತ್ರಿ ನಿಮ್ಮದು. ನಾವು ಮಾಡಿದ್ದರಲ್ಲಿ ಅತಿ ಅಗ್ಗದ, ಅತಿ ಬೇಗ ಫಲ ಕೊಟ್ಟ ಬದಲಾವಣೆ ಇದೇ.

ಗಂಟೆಯ ಜೊತೆ ದಣಿವನ್ನೂ ಅಳೆಯಬೇಕು. ಗಂಟೆ ಇಳಿದರೂ ದಣಿವು ಇಳಿಯದಿದ್ದರೆ ಕಾರಣ ಬೇರೆ ಇದೆ. ಅದಕ್ಕೆ 2005ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿ ಎಂಬ ಪ್ರಶ್ನಾವಳಿ ಅನುಕೂಲ, ದುಡ್ಡು ಕೊಡಬೇಕಿಲ್ಲ. ಒಟ್ಟು 19 ಪ್ರಶ್ನೆ. ವೈಯಕ್ತಿಕ ದಣಿವಿಗೆ 6, ಕೆಲಸದ ದಣಿವಿಗೆ 7, ನಾವು ಸೇವೆ ಕೊಡುವವರಿಂದ, ಅಂದರೆ ಇಲ್ಲಿ ವಿದ್ಯಾರ್ಥಿಗಳಿಂದ, ಆಗುವ ದಣಿವಿಗೆ 6. ಸದಾ ಎಂದರೆ 100, ಆಗಾಗ 75, ಕೆಲವೊಮ್ಮೆ 50, ಅಪರೂಪ 25, ಇಲ್ಲವೇ ಇಲ್ಲ ಎಂದರೆ 0. ಮೂರು ಭಾಗಕ್ಕೂ ಬೇರೆ ಬೇರೆ ಸರಾಸರಿ ತೆಗೆಯಬೇಕು. ಒಟ್ಟು ಸೇರಿಸಿದರೆ ಅರ್ಥ ಕಳೆದುಹೋಗುತ್ತದೆ. 1, 8, 16ನೇ ವಾರಗಳಲ್ಲಿ ತುಂಬಿಸಿ. ಕೆಲಸದ ಅಂಕ ಮೇಲಿದ್ದು ವಿದ್ಯಾರ್ಥಿಗಳ ಅಂಕ ಕೆಳಗಿದ್ದರೆ ಪಾಠ ನಿಮಗೆ ಭಾರವಾಗಿಲ್ಲ, ಅದರ ಸುತ್ತಲಿನದು ಭಾರವಾಗಿದೆ. ವಿದ್ಯಾರ್ಥಿಗಳ ಅಂಕವೂ ಏರುತ್ತಿದ್ದರೆ ತಡ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ, 2022ರಿಂದ ಜಾರಿಯಲ್ಲಿರುವುದು, ಕೆಲಸದಿಂದಾಗುವ ಈ ದಣಿವನ್ನು (ಬರ್ನ್‌ಔಟ್) ಕಾಯಿಲೆ ಎನ್ನುವುದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎನ್ನುತ್ತದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿದು ತಾತ್ಸಾರ ಬರುವುದು, ಕೈಲಾಗುತ್ತಿಲ್ಲ ಅನ್ನಿಸುವುದು ಎಂದು ಮೂರು ಗುರುತು ಹೇಳುತ್ತದೆ. ಒಳ್ಳೆಯ ಅಧ್ಯಾಪಕರೊಬ್ಬರು "ಈ ಮಕ್ಕಳಿಗೆ ಏನು ಹೇಳಿದರೂ ಅಷ್ಟೇ" ಅನ್ನತೊಡಗಿದರೆ ಅದು ಎರಡನೇ ಗುರುತು. ಅದನ್ನು ಸ್ವಭಾವದ ದೋಷವೆಂದು ನೋಡಬಾರದು.

ಪ್ರಶ್ನಾವಳಿ ವೈದ್ಯರ ಬದಲಿಗೆ ಅಲ್ಲ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ಸಕ್ಕರೆ ಕಾಯಿಲೆ ಇವೆಲ್ಲ ಇದೇ ದಣಿವಿನ ವೇಷದಲ್ಲಿ ಬರುತ್ತವೆ. ಒಂದು ಸಲ ರಕ್ತಪರೀಕ್ಷೆ ಮಾಡಿಸಿದರೆ ಆ ಅನುಮಾನ ಕಳೆಯುತ್ತದೆ. ಸತತ ಮೂರು ವಾರ ಗಂಟಲು ಒಡೆದೇ ಇದ್ದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ. ದಿನಕ್ಕೆ ನಾಲ್ಕು ತರಗತಿ ಮಾಡುವವರು ಇದನ್ನು ಶೀತವೆಂದು ತಳ್ಳಿಹಾಕುವುದು ಹೆಚ್ಚು. ರಜೆಯಲ್ಲೂ, ಮನೆಯವರ ನಡುವೆಯೂ, ಎರಡು ವಾರ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದು ಕೆಲಸದ ದಣಿವನ್ನು ಮೀರಿದೆ. ಟೆಲಿ ಮಾನಸ್ ಸಹಾಯವಾಣಿ 14416, 2022ರಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಕೇಂದ್ರ; ಕನ್ನಡದಲ್ಲೇ ಮಾತಾಡಬಹುದು.

ರಜೆಯ ವಿಷಯ ಚಿಕ್ಕದು, ಆದರೆ ಅನೇಕರು ಬಿಟ್ಟುಕೊಡುವುದು ಇಲ್ಲೇ. ದೀರ್ಘ ರಜೆಯಲ್ಲಿ ಕೆಲಸಕ್ಕೆ ಕರೆದರೆ ಆ ಅವಧಿಯ ಮೂರನೇ ಒಂದು ಭಾಗ ಗಳಿಕೆ ರಜೆಯಾಗಿ ಸೇರಬೇಕೆಂದು ಯುಜಿಸಿ ನಿಯಮ ಹೇಳುತ್ತದೆ. ಪ್ರವೇಶಾತಿಗೆಂದು 18 ದಿನ ಬಂದರೆ 6 ದಿನ. ನಿಮ್ಮ ಸಂಸ್ಥೆಗೆ ಯಾವ ಸೇವಾ ನಿಯಮ ಅನ್ವಯಿಸುತ್ತದೆ ಎಂದು ಮೊದಲು ಕಚೇರಿಯಲ್ಲಿ ಕೇಳಿಕೊಳ್ಳಿ. ಯಾವುದೇ ಇರಲಿ, "ಸ್ವಲ್ಪ ಬಂದು ಹೋಗಿ ಮೇಡಂ" ಎಂಬ ಬಾಯಿಮಾತು ಸೇವಾ ಪುಸ್ತಕಕ್ಕೆ ಏರುವುದಿಲ್ಲ. ಲಿಖಿತ ಆದೇಶ ಬೇಕು, ಹಾಜರಾತಿ ವಹಿಯಲ್ಲಿ ಆ ದಿನಗಳ ಸಹಿ ಬೇಕು. ಕೇಳಲು ಸಂಕೋಚ ಬೇಡ.

ಅತಿಥಿ ಉಪನ್ಯಾಸಕರಿಗೆ ಈ ಯಾವ ರಜೆಯೂ ಇಲ್ಲ, ಇದನ್ನು ಬರೆಯುವಾಗ ನಮಗೆ ಕಷ್ಟವಾಗುತ್ತದೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರ ಗೌರವಧನವನ್ನು ಏರಿಸಿ, ಯುಜಿಸಿ ಅರ್ಹತೆಯ ಜೊತೆ ಐದು ವರ್ಷ ಸೇವೆ ಇರುವವರಿಗೆ ತಿಂಗಳಿಗೆ 32 ಸಾವಿರ ಮಾಡಿತು. ಜೊತೆಗೆ ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಏರಿಸಿತು. ಅಲ್ಲಿಯವರೆಗೆ 8-10 ಗಂಟೆ ಮಾಡುತ್ತಿದ್ದ ಇಬ್ಬರ ಪಾಠ ಒಬ್ಬರಿಗೆ ಸೇರಿದಾಗ ಇನ್ನೊಬ್ಬರ ಕೈ ಬರಿದಾಯಿತು. ಉಳಿದವರಿಗೂ ಸಂಭಾವನೆ ಪಾಠದ್ದು. ತಯಾರಿ, ಪತ್ರಿಕೆ, ಅಂಕ ಏರಿಸುವುದು ಎಲ್ಲ ಅದರೊಳಗೇ. ಅವರ ನೋಟ್‌ಬುಕ್ಕಿನ ಪುಟಗಳಲ್ಲಿ "ಪಾ" ಕಡಿಮೆ, ಉಳಿದ ಅಕ್ಷರಗಳೇ ತುಂಬಿರುತ್ತವೆ. ಕಾಯಂ ಅಧ್ಯಾಪಕರು ಮಾಡಬಹುದಾದದ್ದು ಒಂದಿದೆ: ತಮ್ಮ ಸಮಿತಿ ಕೆಲಸವನ್ನು ಇಳಿಸಿಕೊಳ್ಳುವಾಗ ಅದು ಅತಿಥಿ ಉಪನ್ಯಾಸಕರ ಮೇಜಿಗೆ ಜಾರದಂತೆ ನೋಡಿಕೊಳ್ಳುವುದು.

16 ವಾರ ಮುಗಿದ ಮೇಲೆ ಹಾಳೆಯನ್ನು ಪ್ರಾಂಶುಪಾಲರ ಬಳಿ ಒಯ್ಯುವ ಕ್ರಮ. "ಕೆಲಸ ಹೆಚ್ಚಾಗಿದೆ ಸರ್" ಎಂದರೆ "ಎಲ್ಲರಿಗೂ ಅಷ್ಟೇ ಅಲ್ವಾ" ಎಂಬ ಉತ್ತರ ಸಿದ್ಧವಿರುತ್ತದೆ, ಅದು ನಿಜವೂ ಹೌದು. ನೋಟ್‌ಬುಕ್ಕನ್ನೇ ಮುಂದಿಟ್ಟರೆ ಓದಲು ಅವರಿಗೆ ಹೊತ್ತಿಲ್ಲ. ಒಂದೇ ಪುಟ, ಮೂರು ಕಾಲಂ: ಕೆಲಸ, ಸೆಮಿಸ್ಟರ್‌ಗೆ ಹಿಡಿದ ಗಂಟೆ, ಅದನ್ನು ಬೇರೆ ಹೇಗೆ ಮಾಡಬಹುದು. ಹೆಸರುಗಳು ಬೇಡ, ಹೆಸರು ಬಂದರೆ ಯಾರು ಕಡಿಮೆ ಮಾಡಿದರು ಎಂಬ ಕಡೆಗೆ ಮಾತು ತಿರುಗುತ್ತದೆ, ವಿಭಾಗ ಒಡೆಯುತ್ತದೆ. ಕೇಳುವುದು ಒಂದೇ ವಿಷಯವಿರಲಿ. ಒಬ್ಬರು ಎರಡಕ್ಕಿಂತ ಹೆಚ್ಚು ಸಮಿತಿಯಲ್ಲಿ ಇರಬಾರದು ಎಂದೋ, ವಿದ್ಯಾರ್ಥಿವೇತನದ ಅರ್ಜಿ ಪರಿಶೀಲನೆಗೆ ಕಚೇರಿ ಸಿಬ್ಬಂದಿ ವಾರಕ್ಕೆರಡು ಮಧ್ಯಾಹ್ನ ಕೂರಬೇಕೆಂದೋ. ನಾಲ್ಕು ಕೇಳಿದರೆ ನಾಲ್ಕಕ್ಕೂ "ನೋಡೋಣ" ಸಿಗುತ್ತದೆ.

ಈ ಹಾಳೆ ಹೋಗಬೇಕಾದ ಸಮಯ ಕಾರ್ಯಭಾರ ಹಂಚುವ ಸಭೆಗೆ ಕನಿಷ್ಠ ಹತ್ತು ದಿನ ಮೊದಲು. ಸಭೆ ಮುಗಿದು ಟೈಮ್‌ಟೇಬಲ್ ಅಚ್ಚಾದ ಮೇಲೆ ಯಾರೂ ಅದನ್ನು ತಿದ್ದುವುದಿಲ್ಲ. ಸಭೆಗೆ ಹೋಗುವ ಪಟ್ಟಿಯಲ್ಲಿ ಪ್ರತಿಯೊಬ್ಬರ ಮುಂದೆ ಪಾಠದ ಗಂಟೆಯ ಜೊತೆ ಇನ್ನೂ ಎರಡು ಅಂಕಿ ಬರೆಸಿ: ಎಷ್ಟು ಬೇರೆ ಬೇರೆ ಪೇಪರ್, ಅದರಲ್ಲಿ ಹೊಸದು ಎಷ್ಟು.